ಮೊಲಕ್ಕೂ ಇಲಿಗೂ ಎಡೆ

ಡೇಜಾನ್, ಸೋಮವಾರ

ಅಮ್ಮಾ, ನೀನೇ ಓದಲೆಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಅಕ್ಕನ ಕೈಗೆ ಕೊಡಬೇಡ.

ನಮ್ಮ ಪ್ರಯೋಗಾಲಯದಲ್ಲಿ ಪ್ರಾಣ ಕೊಟ್ಟ ಜೀವಗಳಿಗೆ ಇವತ್ತು ವರ್ಷದ ಎಡೆ. ಮೊಲಗಳಿಗೆ ಕ್ಯಾರೆಟ್, ಇಲಿಗಳಿಗೆ ಮೆಕ್ಕೆಜೋಳ. ಪಕ್ಕದ ಕೋಣೆಯ ಬೊನ್-ಸಿಕ್, ತನ್ನ ಅಜ್ಜನಿಗೆ ಇಡುವ ಹಾಗೆ, ಇಲಿಗಳಿಗೂ ಒಂದು ಬಟ್ಟಲು ಸೋಜು ಇಟ್ಟ. "ಲೋ, ಕುಡಿದ ಇಲಿಯ ಫಲಿತಾಂಶ ಯಾರೋ ನಂಬ್ತಾರೆ? ತೆಗೆಯೋ!" ಎಂದು ಪ್ರೊಫೆಸರ್ ಗದರಿದರು.

ಆಮೇಲೆ ಎಲ್ಲರೂ ಗಂಭೀರವಾಗಿ ಅಡ್ಡಬಿದ್ದೆವು. ಪೆಟ್ಟು ತಿಂದ ಮಿದುಳಿನಲ್ಲಿ ಜೀವಕೋಶ ಬೆಳೆಯಲಿ ಎಂದು ಇಲಿಗಳಲ್ಲಿ ಬೊನ್-ಸಿಕ್‌ನ ಬೇಡಿಕೆ. ಕಣ್ಣಿನ ಒತ್ತಡ ಇಳಿಸಲು ಕೊರೆದ ತೂತನ್ನು ಜೀವಕೋಶ ಬೆಳೆದು ಮುಚ್ಚದಿರಲಿ ಎಂದು ಮೊಲಗಳಲ್ಲಿ ನನ್ನದು. ಒಬ್ಬ ಬೆಳೆಸು ಅನ್ನುತ್ತಾನೆ, ಒಬ್ಬಳು ಬೇಡ ಅನ್ನುತ್ತಾಳೆ. ಸತ್ತ ಮೇಲೂ ಪಾಪ, ಅವಕ್ಕೆ ನೆಮ್ಮದಿಯಿಲ್ಲ.

ನಾನು ಬೇಡಿದ್ದು ಕಳೆದ ತಿಂಗಳು ನಿನ್ನ ಕಣ್ಣಿಗೆ ಕೊರೆದ ತೂತಿನ ಸಲುವಾಗಿ. ಅದು ಮುಚ್ಚಿದರೆ ಉಳಿದ ನೋಟವೂ ಹೋಗುತ್ತೆ. ಕಣ್ಣುಜ್ಜಬೇಡ, ಔಷಧದ ಹನಿ ಮರೆಯಬೇಡ.

ಹೋದ ಚುಸೊಕ್ ಹಬ್ಬಕ್ಕೆ ಗುಂಡಗೆ ಉಬ್ಬಿಕೊಂಡು ಬಂದ ನನ್ನನ್ನು ನೀನು "ಎಷ್ಟು ಸೊರಗಿದ್ದೀಯೇ!" ಅಂತ ಬೈದೆ. ಈ ಸಲ ಬರ್ತೀನಿ, ಮುಖ ನೋಡಿ ಬೈಯಿ.

ನಿನ್ನ ಸುಕ್-ಯೊಂಗ್