ಮಾವನ ಕೋಟು

ನವೆಂಬರ್ ೧೪, ಗುರುವಾರ. ಲೀಡ್ಸ್.

ಇನ್ನೂ ಮೈ ಉರಿಯುತ್ತಿದೆ. ಆ ಫಿಲಿಪಾ ನನ್ನ ಮೈಮೇಲಿದ್ದ ಕೋಟು ಬಿಚ್ಚಿಸಿದಳಲ್ಲ!

ಮಾವ ತೀರಿಕೊಂಡಾಗಿನಿಂದ ಅತ್ತೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಸಂಜೆ ನಮ್ಮ ಜಿಂಬಾಬ್ವೆಯವರೆಲ್ಲ ಮನೆ ತುಂಬಾ ನೆಲದ ಮೇಲೆ ಕೂತು ಹಾಡುತ್ತಿದ್ದರು. ಸತ್ತವರನ್ನು ಅಣಕಿಸಿ ಸಾವಿನ ಮನೆಯನ್ನು ನಗಿಸುವುದು ನಮ್ಮಲ್ಲಿ ಸೊಸೆಯ ಪಾಲಿನ ಕೆಲಸ. ಮಾವನ ಕೋಟು ತೊಟ್ಟು, ಅವರ ಹಾಗೇ ಕುಂಟುತ್ತ ಬಂದು ಗದರಿದೆ: "ಇದೇನ್ ಸಾಡ್ಜಾ ಮುದ್ದೆನೋ, ಗೋಡೆಗೆ ಬಳಿಯೋ ಸುಣ್ಣನೋ?" ಅತ್ತೆ ಫಕ್ಕನೆ ನಕ್ಕರು. ನಗುತ್ತಲೇ ಅಳು ಒಡೆಯಿತು.

ಆಗಲೇ ಬರಬೇಕೇ ಆ ಫಿಲಿಪಾ, ನಮ್ಮಂಥ ವಲಸಿಗರ ಯೋಗಕ್ಷೇಮ ನೋಡಿಕೊಳ್ಳಲೆಂದೇ ನೇಮಕವಾದವಳು!

"ಗಂಡ ಸತ್ತಿರೋ ಹೆಂಗಸನ್ನ ಹೀಗಾ ಗೇಲಿ ಮಾಡೋದು? ನೋಡಿ, ಅಳಿಸೇಬಿಟ್ರಿ. ತೆಗೀರಿ ಆ ಕೋಟು. ಎಲ್ರೂ ಹೊರಡಿ, ಅವರಿಗೆ ಏಕಾಂತ ಬೇಕು."

ಕೊರಳಲ್ಲಿ ಸರ್ಕಾರದ ಬಿಲ್ಲೆ ತೂಗುವವಳಿಗೆ ನಮ್ಮವರು ಎದುರಾಡಿಯಾರೇ? ಹಾಡು ನಿಂತಿತು. ಒಬ್ಬೊಬ್ಬರೇ ಎದ್ದುಹೋದರು. ಮನೆ ಬರಿದಾದ ಮೇಲೆ ಅತ್ತೆಯ ಕೈ ಹಿಡಿದು ಹೇಳುತ್ತಾಳೆ: "ಒಂಟಿತನ ಅನ್ಸಿದ್ರೆ ಹೇಳಿ. ವಾರಕ್ಕೊಂದ್ ಗಂಟೆ ಮಾತಾಡ್ಸೋಕೆ ಯಾರನ್ನಾದ್ರೂ ಕಳಿಸ್ತೀವಿ."

ಯೋಗಕ್ಷೇಮವಂತೆ! ಇದ್ದವರನ್ನೆಲ್ಲ ಅಟ್ಟಿ, ಬಾಡಿಗೆಗೆ ಒಬ್ಬರನ್ನು ಕಳಿಸುತ್ತಾಳಂತೆ!

ಅವಳ ಕಾರು ಬೀದಿಯ ತಿರುವು ದಾಟುವವರೆಗೂ ಅತ್ತೆ ಕಿಟಕಿಯಲ್ಲೇ ನಿಂತಿದ್ದರು. ಆಮೇಲೆ ಕೋಟನ್ನು ಎತ್ತಿ ನನ್ನತ್ತ ಎಸೆದರು.

"ಹಾಕ್ಕೊಳ್ಳೇ ಶಮಿಸೊ. ನಿಮ್ಮಾವನ ಕೆಮ್ಮು ಇನ್ನೂ ಬಾಕಿ ಇದೆ."