ಎಸ್ತೇರ್ ಬಿಟ್ಟ ಕೊನೆಯ ಸಾಲು

ಹುಬ್ಬಳ್ಳಿ, ಮೂರನೇ ಮರುಎಣಿಕೆಯ ವರ್ಷ, ಹದಿಮೂರನೇ ತಿಂಗಳು

ಎಸ್ತೇರ್ ಹೊಸಮನಿಯವರ ಹಾಡನ್ನು ಎದುರಿಗೇ ನಿಂತು ಕೇಳಿದ ಹಿರಿಯರಿಗೆ,

ಹದಿಮೂರನೇ ತಿಂಗಳು ಎಂದು ಓದಿ ನಗಬೇಡಿ; ನಿಮ್ಮ ಕಾಲಕ್ಕಿಂತ ಬಹಳ ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಯದಾದಾಗ ನಿಮ್ಮ ಮರಿಮಕ್ಕಳು ವರ್ಷವನ್ನೇ ಹಿಗ್ಗಿಸಿಬಿಟ್ಟರು. ನನ್ನ ಕನ್ನಡವೂ ವಿಚಿತ್ರವೆನಿಸಿದರೆ ಕ್ಷಮಿಸಿ. ಮಾತಾಡಲು ಜನ ಸಿಗದಿದ್ದರೆ ಭಾಷೆ ಹೀಗೇ ಬಿಗಿದುಕೊಳ್ಳುತ್ತದೆ.

ನಾವೀಗ ಹಾಡನ್ನು ಒಬ್ಬೊಬ್ಬರೇ ಕೇಳುತ್ತೇವೆ. ಪ್ರತಿ ಮನೆಯಲ್ಲೂ ಒಬ್ಬರು ಕೂರುವಷ್ಟೇ ಅಗಲದ ಕೇಳುಗೂಡು ಇದೆ. ಕದ ಹಾಕಿಕೊಂಡರೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದದ್ದೂ ಕೇಳಿಸದು. ಅಲ್ಲಿ ಬರುವ ಹಳೆಯ ಹಾಡುಗಳೆಲ್ಲ ‘ತೊಳೆದವು’. ಅಂದರೆ ಕೆಮ್ಮು, ಶಿಳ್ಳೆ, ನಡುವಿನ ಮಾತು, ಹಾಡುಗಾರರದಲ್ಲದ ದನಿ ಎಲ್ಲವನ್ನೂ ಯಂತ್ರ ಕೊಳೆಯೆಂದು ತೆಗೆದುಹಾಕುತ್ತದೆ. ಬಹಳ ಅಚ್ಚುಕಟ್ಟು. ನನಗಂತೂ ಆ ಅಚ್ಚುಕಟ್ಟು ಕಂಡರೆ ಮೈ ಉರಿಯುತ್ತದೆ.

ಪ್ರತಿ ವರ್ಷ ಎಸ್ತೇರ್ ತೀರಿಕೊಂಡ ದಿನದಂದು ಮಾತ್ರ ಗೂಡುಗಳಿಂದ ಹೊರಬಂದು, ಹಳೆಯ ರೈಲ್ವೆ ಮೈದಾನದಲ್ಲಿ ಒಟ್ಟಿಗೆ ನಿಂತು ಅವರ ‘ಗೂಡ್ಸ್ ಗಾಡಿ’ ಕೇಳುವುದು ನಮ್ಮ ಪದ್ಧತಿ. ರೈಲ್ವೆ ವರ್ಕ್‌ಶಾಪಿನ ಫಿಟ್ಟರನ ಮಗಳು, ಗಿಟಾರು ಹೆಗಲಿಗೇರಿಸಿ ಊರೂರು ನಡುಗಿಸಿದವರು ಎಂದು ಯಾರಾದರೂ ನಾಲ್ಕು ಮಾತು ಹೇಳುತ್ತಿದ್ದರು. ಹಾಡಿನ ಕೊನೆಯ ಸಾಲಿನ ಜಾಗದಲ್ಲಿ ಬರೀ ಮೌನ. ಅಗಲಿದವರಿಗಾಗಿ ಅವರೇ ಬಿಟ್ಟ ಮೌನವೆಂದು ನಂಬಿ ನಾವು ತಲೆ ತಗ್ಗಿಸಿ ನಿಲ್ಲುತ್ತಿದ್ದೆವು. ಕೆಲವರು ಅಳುತ್ತಿದ್ದರು. ನಾನೂ ಅತ್ತಿದ್ದೇನೆ.

ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. ಕೊನೆಗೆ ಉಳಿದದ್ದು ನಾನು ಮತ್ತು ಪಕ್ಕದ ಓಣಿಯ ಮೆಹಬೂಬ್ ಕಾಕಾ. ಹೋದ ವರ್ಷ ಕಾಕಾ ಕೂಡ ತೀರಿಕೊಂಡರು. ಯಂತ್ರದ ಕೈಗೆ ಸಿಗದಂತೆ ಅವರು ಕಾಪಾಡಿಕೊಂಡಿದ್ದ ಒಂದು ತೊಳೆಯದ ಹಾಡಿನ ತುಣುಕನ್ನು ಅವರ ಮಗಳು ನನಗೆ ಕೊಟ್ಟಳು.

ಅದೇ ‘ಗೂಡ್ಸ್ ಗಾಡಿ’. ಕೊನೆಯ ಸಾಲು ಬರುವ ಹೊತ್ತಿಗೆ ಎಸ್ತೇರ್ ನಗುತ್ತಾ ಕೂಗುತ್ತಾರೆ: “ನನ್ನ ಗಂಟಲಾ ಹರದು ಹೋತು, ಇನ್ನ ನೀವ ಹಾಡ್ರೆಪಾ!” ಆಮೇಲೆ ಸಾವಿರಾರು ಜನ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು. ಅಷ್ಟಕ್ಕೇ ತುಣುಕು ಮುಗಿಯುತ್ತದೆ.

ಯಂತ್ರ ತೊಳೆದುಹಾಕಿದ್ದು ಆ ಜನರ ದನಿಯನ್ನು; ಅಲ್ಲಿ ಹಾಡಬೇಕಾದವರು ನಾವು. ಎಷ್ಟೋ ತಲೆಮಾರು ಅದೇ ಜಾಗದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆವು.

ಈ ವರ್ಷ ಒಬ್ಬಳೇ ಹೋದೆ. ಹಾಡು ನಿಂತಿತು. ನಾನೂ ಉಸಿರೆಳೆದುಕೊಂಡೆ. ಪದ ಗೊತ್ತಿಲ್ಲದೆ ಬಾಯಿ ತೆರೆದುಕೊಂಡೇ ನಿಂತೆ. ಅಷ್ಟೊಂದು ಒಂಟಿತನ ನನ್ನನ್ನು ಎಂದೂ ಕಾಡಿರಲಿಲ್ಲ.

ಆ ಸಾಲು ನಿಮಗೆ ಬಾಯಿಪಾಠ. ದಯವಿಟ್ಟು ಧ್ವನಿ ಮುದ್ರಿಸಿ ಇಡಬೇಡಿ, ತೊಳೆದುಬಿಡುತ್ತಾರೆ. ಮಕ್ಕಳ ತಲೆಗೆ ಎಣ್ಣೆ ಹಚ್ಚುವಾಗ, ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವಾಗ ಹಾಡಿ; ಅವರು ತಮ್ಮ ಮಕ್ಕಳಿಗೆ ಹಾಡಲಿ. ಶ್ರುತಿ ತಪ್ಪಿದರೂ ಪರವಾಗಿಲ್ಲ. ಬರುವ ವರ್ಷವೂ ನಾನು ಮೈದಾನಕ್ಕೆ ಹೋಗುತ್ತೇನೆ. ಹಾಡು ನಿಂತಾಗ ನನ್ನ ಬೆನ್ನ ಹಿಂದೆ ಯಾರಾದರೊಬ್ಬರು ಶುರುಮಾಡಲಿ. ನಾನು ಕೇಳಿಕೊಂಡು ದನಿಗೂಡಿಸುತ್ತೇನೆ.

ಮೈದಾನದಲ್ಲಿ ಉಳಿದವಳು,
ನೀಲಾಂಬಿ