ತೊಟ್ಟಿಯ ಮುಂದೆ ಒಡ್ಡಿದ ಬೊಗಸೆ

ಗೆಳೆಯ ಪರಮೇಶನಿಗೆ ಮಹಾದೇವಪ್ಪನ ಜೈಭೀಮ.

ನಿನ್ನ ಸನ್ಮಾನದ ದಿನ ವೇದಿಕೆ ಹತ್ತಿ, ‘ಪರಮೇಶನ ಮನೆಯಲ್ಲಿ ಎಂದೂ ಜಾತಿ ನೋಡಲಿಲ್ಲ’ ಎಂದು ನಾನು ಹೇಳಬೇಕಂತೆ. ‘ನೀ ಹೇಳಿದ್ರ ಮಂದಿ ನಂಬ್ತಾರಲೇ ಮಾದೇವಾ’ ಎಂದು ಫೋನಿನಲ್ಲಿ ನಕ್ಕಿದ್ದೆ ನೀನು. ಜಪಾನಿನಿಂದ ಬಂದು ತಿಳಿಸುತ್ತೇನೆ ಎಂದಿದ್ದೆ ನಾನು. ಈಗ ಬಂದಿದ್ದೇನೆ.

ಅಲ್ಲಿ ಓದುತ್ತಿರುವ ಮಗಳು ಕಾವೇರಿ ಒಂದು ಸಣ್ಣ ಊರಿನ ಶಿಂಟೋ ಗುಡಿಗೆ ಕರೆದೊಯ್ದಳು. ಶಿಂಟೋ ಅಂದರೆ ಅವರ ಮೂಲ ಧರ್ಮ. ಕಾಲೇಜಿನಲ್ಲಿ ನಾವು ‘ಎ ವಿಸಿಟ್ ಟು ಆನ್ ಏನ್ಶಿಯಂಟ್ ಮಾನ್ಯುಮೆಂಟ್’ ಎಂದು ಪ್ರಬಂಧ ಬಾಯಿಪಾಠ ಮಾಡಿದ್ದೆವಲ್ಲ, ಅಂಥ ಜಾಗ. ಮುಂದಿನ ಸಾಲು ಈಗ ನೆನಪಿಲ್ಲ. ಬುದ್ಧನ ಹಾದಿ ಹಿಡಿದವನಿಗೆ ಗುಡಿ ಯಾಕೆ ಅಂದೆ. ‘ಗಿಡಾ ನೋಡಾಕರ ಬರ್ರಿ ಅಪ್ಪಾ’ ಅಂದಳು. ಗಿಡಗಳೇನೋ ಚೆನ್ನಾಗಿದ್ದವು.

ಗುಡಿಯ ಮುಂದೆ ಕಲ್ಲಿನ ತೊಟ್ಟಿ, ಅದರ ಮೇಲೆ ಬಿದಿರಿನ ಸೌಟುಗಳು. ಬಂದವರೆಲ್ಲ ಅದೇ ಸೌಟಿನಿಂದ ಕೈ ತೊಳೆದು, ಬಾಯಿ ಮುಕ್ಕಳಿಸಿ ಒಳಗೆ ಹೋಗುತ್ತಾರೆ. ಕಾವೇರಿ ತೊಳೆದುಕೊಂಡು ಮುಂದೆ ನಡೆದಳು. ನಾನು ತೊಟ್ಟಿಯಿಂದ ಮಾರು ದೂರ ನಿಂತೆ. ಬೆನ್ನು ತಾನಾಗಿ ಬಾಗಿತು, ಕೈ ಕೂಡಿ ಬೊಗಸೆಯಾಯಿತು. ಯಾರಾದರೂ ಮೇಲಿನಿಂದ ಸುರಿಯಲಿ ಎಂದು ಕಾಯುತ್ತಿದ್ದೆ, ಪರಮೇಶ. ಪೆನ್ಶನ್ ತಿನ್ನುವ ಪ್ರೊಫೆಸರ್ ನಾನು. ಹಿಂದಿದ್ದ ಮುದುಕಿಯೊಬ್ಬಳು ಸೌಟನ್ನು ತಿರುಗಿಸಿ ಅದರ ಹಿಡಿಕೆಯನ್ನು ನನ್ನ ಕೈಗಿತ್ತಾಗಲೇ ನನಗೆ ಎಚ್ಚರವಾದದ್ದು. ಪಾಪ, ಏನೂ ತಿಳಿಯದ ಪರದೇಶಿ ಎಂದುಕೊಂಡಿರಬೇಕು.

ಒಳಗೆ ಹೋಗಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತೆ. ಗಬ್ಬೂರಿನ ನಿಮ್ಮ ಅಂಗಳ ಕಣ್ಣಿಗೆ ಬಂತು. ನಿನ್ನ ಬಸುರಿ ತಂಗಿಯ ಕುಬಸಕ್ಕೆಂದು, ಹೊಸದಾಗಿ ಲಗ್ನವಾದ ನನ್ನ ಹೆಂಡತಿ ಭಾಗ್ಯಾಳನ್ನು ಕರೆತಂದಿದ್ದೆ. ನೀರು ಕೇಳಿದಳು. ನಿಮ್ಮವ್ವ ರುಕ್ಮವ್ವ ಕಟ್ಟೆಯ ಮೇಲೆ ನಿಂತು ತಂಬಿಗೆ ಎತ್ತಿ ಸುರಿದರು. ನನ್ನ ಹೆಂಡತಿ ಕೆಳಗೆ ಬಾಗಿ ಬೊಗಸೆಯಲ್ಲಿ ಕುಡಿದಳು. ಸೆರಗೆಲ್ಲ ತೊಯ್ದಿತು. ಓದುವಾಗ ಧಾರವಾಡದ ಸಪ್ತಾಪುರದ ರೂಮಿನಲ್ಲಿ ನನ್ನ ತಾಟಿನಲ್ಲೇ ಉಂಡ ನೀನು ಪಕ್ಕದಲ್ಲಿ ನಿಂತು, ‘ಅವ್ವ ಹಳೇ ಕಾಲದಾಕಿ, ಮನಸಿಗೆ ಹಚ್ಕೋಬ್ಯಾಡ’ ಎಂದು ಪಿಸುಗುಟ್ಟಿದೆ. ಬಸ್ಸಿನಲ್ಲಿ ಭಾಗ್ಯಾ ಸೆರಗು ಹಿಂಡುತ್ತ, ‘ನಿಮ್ಮ ಗೆಳ್ಯಾ ಧಾರವಾಡದಾಗಿದ್ರ ಭಾಳ ಛಲೋ ಮನಶ್ಯಾರಿ’ ಅಂದಳು.

ಮತ್ತೆಂದೂ ಅವಳು ನಿಮ್ಮ ಮನೆಗೆ ಬರಲಿಲ್ಲ. ಯಾಕೆಂದು ನೀನೂ ಕೇಳಲಿಲ್ಲ. ಹೋದ ವರ್ಷ ಅವಳ ಮಣ್ಣಿಗೆ ಬಂದ ನೀನು, ‘ವೈನಿ ಸ್ವಭಾವನ ಹಂಗಿತ್ತು, ಯಾರ ಮನಿಗೂ ಹೋಗ್ತಿದ್ದಿಲ್ಲ’ ಎಂದು ನೆರೆದವರಿಗೆ ಹೇಳುತ್ತಿದ್ದೆ. ನಾನು ಕೇಳಿಸಿಕೊಂಡೆ.

ನಿನ್ನ ವೇದಿಕೆಗೆ ನಾನು ಬರುವುದಿಲ್ಲ. ಆ ಮಾತು ಹೇಳಲು ಬೇರೆಯವರನ್ನು ನೋಡಿಕೋ, ಸಿಗುತ್ತಾರೆ. ಗೊತ್ತು ಮಾಡುವ ಮುಂಚೆ ಅವರ ಹೆಂಡತಿಯನ್ನೊಮ್ಮೆ ಕೇಳು.

ಕಾಲೇಜಿನಲ್ಲಿ ಕಲಿತಂತೆ ಕೊನೆಗೆ ‘ಯುವರ್ಸ್’ ಎಂದು ಬರೆಯಲು ಕೈ ಏಳುತ್ತಿಲ್ಲ. ನಿನ್ನ ಮೊಮ್ಮಕ್ಕಳು ಸುಖವಾಗಿರಲಿ.

ಮಹಾದೇವಪ್ಪ
ಸಪ್ತಾಪುರ, ಧಾರವಾಡ